ಮೊದಲ ನೂರು ಎಲೆಯ ಊಟಕ್ಕೆ ತಯಾರಿ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯಲ್ಲಿಯೇ ರೊಟ್ಟಿ ಬಡಿದು, ಚಟ್ನಿಪುಡಿ ಕುಟ್ಟಿ, ಹಬ್ಬಕ್ಕೆ ಹೋಳಿಗೆ ಮಾಡಿಕೊಟ್ಟು ನಾಲ್ಕು ದುಡ್ಡು ಕಾಣುವ ಹೆಣ್ಣುಮಕ್ಕಳು ಓಣಿಗೊಬ್ಬರಾದರೂ ಇದ್ದಾರೆ. ಅವರ ಬಾಗಿಲಿಗೆ ಒಂದಲ್ಲ ಒಂದು ದಿನ ಯಾರಾದರೂ ಬಂದು, "ಅಕ್ಕಾರ, ನಮ್ಮ ಮಗಳ ಕುಬಸಕ್ಕ (ಸೀಮಂತಕ್ಕೆ) ನೂರು ಮಂದಿ ಊಟ ನೀವ ಮಾಡಿಕೊಡ್ರಿ" ಎಂದು ಕೇಳುತ್ತಾರೆ. ನನಗೂ ಹೀಗೆಯೇ ಕೇಳಿದರು, ನಾನು ಆಗಲೆಂದೆ. ಮನೆಯ ಹತ್ತು ಮಂದಿಗೆ ಮಾಡುವ ಅಡುಗೆಯನ್ನು ಹತ್ತು ಪಟ್ಟು ಮಾಡಿದರೆ ನೂರು ಮಂದಿಯ ಊಟವಾಗುತ್ತದೆ ಎಂದು ನಾನು ಅಂದು ತಿಳಿದಿದ್ದೆ. ಹಾಗಾಗುವುದಿಲ್ಲ. ಮನೆಯ ಅಡುಗೆಯನ್ನು ಕೈ ಮತ್ತು ಕಣ್ಣು ನಡೆಸುತ್ತವೆ. ನೂರು ಎಲೆಯ ಅಡುಗೆಯನ್ನು ತಕ್ಕಡಿ ಮತ್ತು ಗಡಿಯಾರ ನಡೆಸಬೇಕು. ಮೊದಲ ಸಲ ಇಂಥ ಕೆಲಸ ಹಿಡಿಯುವವರು ಯಾವುದರ ನಂತರ ಯಾವುದನ್ನು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕೈಯಳತೆಯನ್ನು ತೂಕಕ್ಕೆ ತರುವುದು

ಕೆಲಸ ಒಪ್ಪಿಕೊಳ್ಳುವ ಎಷ್ಟೋ ದಿನ ಮೊದಲೇ ಆಗಬೇಕಾದ ಕೆಲಸ ಇದು. ಒಂದು ಎಲೆಕ್ಟ್ರಾನಿಕ್ ತಕ್ಕಡಿ ಮತ್ತು ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಮನೆಯಲ್ಲಿ ದಿನವೂ ಮಾಡುವ ಅಡುಗೆಯನ್ನೇ ಎಂದಿನಂತೆ ಕೈಯಳತೆಯಲ್ಲಿ ಮಾಡಿ, ಆದರೆ ಪಾತ್ರೆಗೆ ಬೀಳುವ ಮುನ್ನ ಪ್ರತಿಯೊಂದನ್ನೂ ತೂಗಿ ಬರೆಯಿರಿ. ನಿಮ್ಮ ಒಂದು ಹಿಡಿ ಶೇಂಗಾ ಎಷ್ಟು ಗ್ರಾಂ, ಒಂದು ಚಿಟಿಕೆ ಇಂಗು ಎಷ್ಟು, ಒಂದು ಕಿಲೋ ಬದನೆಕಾಯಿಗೆ ನಿಮ್ಮ ಕೈ ಎಷ್ಟು ಎಣ್ಣೆ ಹಾಕುತ್ತದೆ ಎಂಬುದು ಹದಿನೈದು ದಿನಗಳಲ್ಲಿ ಪುಸ್ತಕಕ್ಕೆ ಇಳಿಯುತ್ತದೆ. ಅಡುಗೆ ಚೆನ್ನಾಗಿ ಆದ ದಿನದ ಅಳತೆಗೆ ಗುರುತು ಹಾಕಿಕೊಳ್ಳಿ. ನಾಳೆ ನಿಮ್ಮ ಜೊತೆಗೆ ಇಬ್ಬರು ಕೆಲಸಕ್ಕೆ ಬಂದಾಗ "ಸ್ವಲ್ಪ ಹಾಕು" ಎಂದು ಹೇಳಿದರೆ ಅವರವರ ಸ್ವಲ್ಪ ಬೇರೆಬೇರೆ ಇರುತ್ತದೆ; "ಇನ್ನೂರು ಗ್ರಾಂ ಹಾಕು" ಎಂದರೆ ಇಬ್ಬರ ಕೈಯೂ ಒಂದೇ ಆಗುತ್ತದೆ.

ಅಳತೆಯನ್ನು ಹೆಚ್ಚಿಸುವಾಗ ಎಲ್ಲವೂ ಒಂದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಬೇಳೆ, ಅಕ್ಕಿ, ತರಕಾರಿ, ಹಿಟ್ಟು ಇವು ಮಂದಿಯ ಲೆಕ್ಕಕ್ಕೆ ಸರಿಯಾಗಿ ಏರುತ್ತವೆ. ನೀರು ಹಾಗಲ್ಲ. ದೊಡ್ಡ ಪಾತ್ರೆಯಲ್ಲಿ ಒಳಗಿನ ಪದಾರ್ಥಕ್ಕೆ ಹೋಲಿಸಿದರೆ ಮೇಲ್ಮೈ ಕಡಿಮೆ ಇರುವುದರಿಂದ ಆವಿಯಾಗಿ ಹೋಗುವ ನೀರೂ ಕಡಿಮೆ. ಮನೆಯಲ್ಲಿ ಒಂದು ಪಾಲು ಅಕ್ಕಿಗೆ ಎರಡು ಪಾಲು ನೀರು ಇಡುವವರು ಡಬರಿಯಲ್ಲಿ ಏಳೆಂಟು ಕಿಲೋ ಅಕ್ಕಿ ಬೇಯಿಸುವಾಗ ಎರಡಕ್ಕಿಂತ ತುಸು ಕಡಿಮೆ ಇಡಬೇಕು, ಇಲ್ಲವಾದರೆ ಅನ್ನ ಮುದ್ದೆಯಾಗುತ್ತದೆ. ಒಗ್ಗರಣೆಯ ಮೆಣಸಿನಕಾಯಿ, ಇಂಗು, ಲವಂಗ, ದಾಲ್ಚಿನ್ನಿಯಂಥವು ಹತ್ತು ಪಟ್ಟಿನ ಅಡುಗೆಗೆ ಏಳು ಪಟ್ಟು ಸಾಕಾಗುತ್ತವೆ ಎಂಬುದು ನನ್ನ ಅನುಭವ. ಉಪ್ಪನ್ನು ಲೆಕ್ಕದ ಮುಕ್ಕಾಲು ಭಾಗ ಹಾಕಿ, ಕುದಿ ಬಂದ ಮೇಲೆ ರುಚಿ ನೋಡಿ ಉಳಿದದ್ದನ್ನು ಹಾಕಬೇಕು. ಹಾಕಿದ ಉಪ್ಪನ್ನು ಹೊರತೆಗೆಯುವ ದಾರಿ ನೂರು ಮಂದಿಯ ಪಾತ್ರೆಯಲ್ಲಿ ಇಲ್ಲ.

ಊಟ ಹೇಳಲು ಬಂದವರೊಂದಿಗೆ ಮಾತು

"ನೂರು ಮಂದಿ ಅಂದ್ರ ನೂರು ಎಲೀನೋ, ನೂರು ಕರೆಯೋಲೀನೋ?" ಎಂದು ನಾನು ಮೊದಲು ಕೇಳುತ್ತೇನೆ. ಒಂದು ಕರೆಯೋಲೆಗೆ ನಾಲ್ಕು ಮಂದಿ ಬರುವ ನಾಡು ನಮ್ಮದು. ಆಮೇಲೆ ಕೇಳಬೇಕಾದವು ಇವು: ಮಕ್ಕಳೆಷ್ಟು, ಮೊದಲ ಪಂಕ್ತಿ ಎಷ್ಟು ಗಂಟೆಗೆ ಏಳಬೇಕು, ಉಳ್ಳಾಗಡ್ಡಿ ಬಳ್ಳೊಳ್ಳಿ ನಡೆಯುತ್ತದೆಯೋ ಇಲ್ಲವೋ, ಅಡುಗೆ ನಮ್ಮ ಮನೆಯಲ್ಲೋ ಅವರ ಅಂಗಳದಲ್ಲೋ, ಅವರಲ್ಲಾದರೆ ನೀರು ನಲ್ಲಿಯದೋ ಟ್ಯಾಂಕರಿನದೋ, ಬಡಿಸುವವರು ಯಾರು, ಊರಿಗೆ ಹೋಗುವ ಬೀಗರಿಗೆ ಬುತ್ತಿ ಕಟ್ಟಬೇಕೋ. ಬುತ್ತಿಯ ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ, ಊಟ ಮುಗಿಯುವ ಹೊತ್ತಿಗೆ ಇಪ್ಪತ್ತು ಮಂದಿಗೆ ಕಟ್ಟಿಕೊಡಿ ಎನ್ನುತ್ತಾರೆ. ಇದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಒಂದು ಪ್ರತಿಯನ್ನು ಅವರಿಗೆ ಕೊಟ್ಟು, ಅರ್ಧ ಹಣವನ್ನು ಮುಂಗಡವಾಗಿ ಪಡೆಯಿರಿ. ಪರಿಚಯದವರ ಹತ್ತಿರ ಮುಂಗಡ ಕೇಳಲು ಸಂಕೋಚವಾಗುತ್ತದೆ ಎಂಬುದು ನನಗೆ ಗೊತ್ತು. ಆದರೆ ಕಿರಾಣಿ ಅಂಗಡಿಯವರು ಸಂಕೋಚಕ್ಕೆ ಸಾಮಾನು ಕೊಡುವುದಿಲ್ಲ.

ಪಟ್ಟಿ ಮತ್ತು ಸಾಮಾನಿನ ಲೆಕ್ಕ

ಮೊದಲ ಸಲ ನಿಮ್ಮ ಕೈಗೆ ಚೆನ್ನಾಗಿ ಬರುವ ಅಡುಗೆಯನ್ನಷ್ಟೇ ಹಿಡಿಯಿರಿ. ಪನ್ನೀರು, ಗೋಬಿ ಎಂದು ಗಿರಾಕಿ ಕೇಳಿದರೂ ನಮ್ಮ ಊಟವನ್ನೇ ಒಪ್ಪಿಸುವುದು ಒಳ್ಳೆಯದು, ಏಕೆಂದರೆ ಜೋಳದ ರೊಟ್ಟಿಯ ಊಟವನ್ನು ಮನೆಯ ರುಚಿಯಲ್ಲಿ ಕೊಡುವವರು ಕಡಿಮೆ. ನಮ್ಮನ್ನು ಹುಡುಕಿಕೊಂಡು ಬರುವುದೇ ಅದಕ್ಕಾಗಿ. ನಾನು ಮೊದಲ ನೂರು ಎಲೆಗೆ ಸೂಚಿಸುವ ಪಟ್ಟಿಯಲ್ಲಿ ರೊಟ್ಟಿ, ಬದನೆಕಾಯಿ ಎಣಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ ಮತ್ತು ಸವತೀಕಾಯಿ, ಹೋಳಿಗೆ, ಅನ್ನ, ಕಟ್ಟಿನ ಸಾರು, ಮಜ್ಜಿಗೆ ಇರುತ್ತವೆ. ಹೋಳಿಗೆಗೆ ಕಡಲೆಬೇಳೆ ಬೇಯಿಸಿ ಬಸಿದ ಕಟ್ಟೇ ಸಾರಿಗೆ ಆಗುವುದರಿಂದ ತೊಗರಿಬೇಳೆಯ ಖರ್ಚು ಉಳಿಯುತ್ತದೆ, ಒಂದು ಒಲೆಯೂ ಬಿಡುವಾಗುತ್ತದೆ.

ಈ ಪಟ್ಟಿಗೆ ನನ್ನ ಪುಸ್ತಕದಲ್ಲಿರುವ ಅಳತೆ ಹೀಗಿದೆ. ಸಿಹಿ ಮತ್ತು ಅನ್ನ ಇರುವ ಊಟದಲ್ಲಿ ಒಬ್ಬರಿಗೆ ಸರಾಸರಿ ಎರಡು ರೊಟ್ಟಿ. ಒಂದು ಕಿಲೋ ಹಿಟ್ಟಿಗೆ ಹದಿನಾಲ್ಕು ರೊಟ್ಟಿ ಬರುವುದರಿಂದ 15 ಕಿಲೋ ಹಿಟ್ಟು ಬೇಕು. ಅಕ್ಕಿ 7.5 ಕಿಲೋ. ಒಂದು ಕಿಲೋಕ್ಕೆ ಇಪ್ಪತ್ತೈದು ತೂಗುವ ಸಣ್ಣ ಬದನೆಕಾಯಿ 8 ಕಿಲೋ, ಎಂದರೆ ಎಲೆಗೆ ಎರಡು. ಹೆಸರುಕಾಳು 2.5 ಕಿಲೋ. ಹೋಳಿಗೆಗೆ ಕಡಲೆಬೇಳೆ 3.5 ಕಿಲೋ, ಬೆಲ್ಲವೂ ಅಷ್ಟೇ. ಒಂದು ಕಿಲೋ ಬೇಳೆಯ ಹೂರಣದಲ್ಲಿ ಮೂವತ್ತೈದರಿಂದ ನಲವತ್ತು ಹೋಳಿಗೆ ಏಳುತ್ತವೆ. ಶೇಂಗಾ ಎಣಗಾಯಿಗೆ ಒಂದೂವರೆ ಕಿಲೋಕ್ಕಿಂತ ತುಸು ಹೆಚ್ಚು, ಚಟ್ನಿಗೆ ಒಂದು ಕಿಲೋ. ಮೊಸರು ಮಜ್ಜಿಗೆ ಸೇರಿ ಎಂಟು ಲೀಟರ್. ಇದರ ಮೇಲೆ ಎರಡು ಕಿಲೋ ಕಡಲೆಹಿಟ್ಟನ್ನು ಬಳಸದಿದ್ದರೂ ತಂದಿಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ವರ್ಷವಿಡೀ ಊಟ ಮಾಡಿಕೊಡುವ ಮನಸ್ಸಿದ್ದವರು ಕೆಲವು ಸಾಮಾನನ್ನು ಸುಗ್ಗಿಯಲ್ಲಿಯೇ ಹಿಡಿಯಬೇಕು. ಗದಗ, ನರಗುಂದ, ನವಲಗುಂದದ ಕಡೆಯ ಹೆಸರುಕಾಳು ಮುಂಗಾರಿನ ಬೆಳೆ, ಭಾದ್ರಪದದ ಸುಮಾರಿಗೆ ಪೇಟೆಗೆ ಬರುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಹೊಸ ಮೆಣಸಿನಕಾಯಿಯ ಆವಕ ಜನವರಿಯಿಂದ ಮಾರ್ಚ್‌ವರೆಗೆ ಜೋರಾಗಿರುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆಯ (ಊರಿನ ಹೆಸರಿಗೆ ಮೀಸಲಾದ ಜಿಐ ಗುರುತಿನ) ಮಾನ್ಯತೆ ಪಡೆದ ಈ ಮೆಣಸಿನಕಾಯಿಯಲ್ಲಿ ಗಿಡ್ಡಗೆ ದುಂಡಗಿರುವ ಡಬ್ಬಿ, ಉದ್ದಕ್ಕೆ ತೆಳ್ಳಗಿರುವ ಕಡ್ಡಿ ಎಂದು ಎರಡು ಬಗೆಗಳಿವೆ. ಬಣ್ಣ ಹೆಚ್ಚು, ಖಾರ ಕಡಿಮೆ. ಖಾರ ಬೇಕೆನ್ನುವವರು ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಸೇರಿಸಿ ಗಿರಣಿಗೆ ಹಾಕಿಸಬಹುದು. ತರಕಾರಿಯನ್ನು ಮಾತ್ರ ಊಟದ ಹಿಂದಿನ ಸಂಜೆಯೇ ಕೊಳ್ಳಬೇಕು. ಬದನೆಕಾಯಿಯನ್ನು ನೀವೇ ಆರಿಸಿ, ತೊಟ್ಟು ಹಸಿರಾಗಿದ್ದು ಒತ್ತಿದರೆ ಪುಟಿಯುವಂಥದ್ದನ್ನು ತನ್ನಿ.

ರೊಟ್ಟಿ

ನೂರು ಎಲೆಯ ಊಟದಲ್ಲಿ ಜನರನ್ನು ಹೆದರಿಸುವುದು ರೊಟ್ಟಿಯೇ. ಪಳಗಿದ ಒಬ್ಬರು ಒಂದು ಹಂಚಿನ ಮೇಲೆ ಗಂಟೆಗೆ ಮೂವತ್ತು ರೊಟ್ಟಿ ತೆಗೆಯಬಲ್ಲರು. ಇನ್ನೂರ ಹತ್ತು ರೊಟ್ಟಿಗೆ ಒಬ್ಬರಿಗೆ ಏಳು ತಾಸು, ಇಬ್ಬರಿಗೆ ಮೂರೂವರೆ ತಾಸು. ಅಷ್ಟು ಹೊತ್ತು ಬಡಿದ ತೋಳಿಗೆ ಮತ್ತೆ ಬೇರೆ ಕೆಲಸ ಮಾಡುವ ಶಕ್ತಿ ಇರುವುದಿಲ್ಲ. ಆದ್ದರಿಂದ ಅರ್ಧಕ್ಕಿಂತ ಹೆಚ್ಚನ್ನು ಕಡಕ್ ರೊಟ್ಟಿಯಾಗಿ ಮೂರು ನಾಲ್ಕು ದಿನ ಮೊದಲೇ ಮಾಡಿ ಮುಗಿಸಿ, ಊಟದ ದಿನ ಎಲೆಗೊಂದರಂತೆ ಮಾತ್ರ ಬಿಸಿ ರೊಟ್ಟಿ ಬಡಿಯಿರಿ. ಇದರಲ್ಲಿ ಕಡಿಮೆಯದೇನೂ ಇಲ್ಲ. ಗದಗ ಜಿಲ್ಲೆಯ ಡಂಬಳದ ರೊಟ್ಟಿ ಜಾತ್ರೆಯಲ್ಲಿ ಸಾವಿರಾರು ಮಂದಿ ಸಾಲಾಗಿ ಕುಳಿತು ಕೈಗೆತ್ತಿಕೊಳ್ಳುವುದೂ ಮುಂಚೆಯೇ ಮಾಡಿಟ್ಟ ರೊಟ್ಟಿಯನ್ನೇ.

ಜೋಳವನ್ನು ವಾರದೊಳಗೆ ಬೀಸಿಸಿದ ಹಿಟ್ಟಾಗಿ ಬಳಸಿ. ಜೋಳದಲ್ಲಿ ಗೋದಿಯಂತೆ ಹಿಡಿದಿಡುವ ಅಂಟು ಇಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಬರುವ ಜಿಗಿಯೇ ರೊಟ್ಟಿಯನ್ನು ಹಿಡಿದಿಡುತ್ತದೆ. ಹಳೆಯ ಹಿಟ್ಟಿನಲ್ಲಿ ಆ ಜಿಗಿ ಬರುವುದಿಲ್ಲ, ಅಂಚು ಸೀಳುತ್ತದೆ. ಪರಾತದಲ್ಲಿ ಹಿಟ್ಟಿನ ನಡುವೆ ಗುಳಿ ಮಾಡಿ, ಉಪ್ಪು ಹಾಕಿದ ಎಸರನ್ನು ಕುದಿಯುತ್ತಿರುವಾಗಲೇ ಸುರಿದು, ಸಟ್ಟುಗದ ಹಿಡಿಕೆಯಿಂದ ಕಲಸಿ, ಎರಡು ನಿಮಿಷ ಮುಚ್ಚಿಡಿ. ಆಮೇಲೆ ಕೈಗೆ ತಣ್ಣೀರು ಹಚ್ಚಿಕೊಂಡು, ಒಂದು ಸಲಕ್ಕೆ ಮೂರು ನಾಲ್ಕು ರೊಟ್ಟಿಯಷ್ಟನ್ನು ಮಾತ್ರ ಅಂಗೈ ಬುಡದಿಂದ ಒತ್ತಿ ನಾದಿ. ಬಡಿದ ರೊಟ್ಟಿಯ ಒಣಹಿಟ್ಟಿನ ಬದಿ ಮೇಲೆ ಬರುವಂತೆ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲ್ಮೈಯನ್ನು ಅಂಚಿನವರೆಗೂ ಸವರಬೇಕು. ಆ ನೀರು ಆರುತ್ತಾ ಬಂದ ಕ್ಷಣದಲ್ಲಿ ಮಗುಚಬೇಕು. ತಡವಾದರೆ ಉಬ್ಬುವುದಿಲ್ಲ. ಕಡಕ್ ರೊಟ್ಟಿಗೆ ಇನ್ನೂ ತೆಳ್ಳಗೆ ಬಡಿದು, ಬೆಂದ ಮೇಲೆ ಸಣ್ಣ ಕಾವಿನ ಬದಿಗೆ ನಿಲ್ಲಿಸಿ, ಮುರಿದರೆ ಚಟ್ಟೆಂದು ಸದ್ದಾಗುವವರೆಗೆ ಒಣಗಿಸಿ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ.

ಎಣಗಾಯಿಯ ವಿಷಯದಲ್ಲಿ

ಎಂಟು ಕಿಲೋ ಬದನೆಕಾಯಿಯನ್ನು ಒಂದೇ ಆಳವಾದ ಪಾತ್ರೆಗೆ ಹಾಕಿದರೆ ಕೆಳಗಿನವು ಕರಗಿ ಮೇಲಿನವು ಹಸಿಯಾಗಿಯೇ ಉಳಿಯುತ್ತವೆ. ಅಗಲ ತಳದ ಮೂರು ಕಡಾಯಿಗಳನ್ನು ಹೊಂದಿಸಿಕೊಳ್ಳಿ, ಒಂದರಲ್ಲಿ ಎರಡು ಪದರಕ್ಕಿಂತ ಹೆಚ್ಚು ಬೇಡ. ತೊಟ್ಟು ಬಿಡಿಸದೆ ನಾಲ್ಕು ಭಾಗವಾಗುವಂತೆ ಸೀಳಿದ ಕಾಯನ್ನು ಆಗಲೇ ಉಪ್ಪುನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಒಂದು ಕಿಲೋ ಕಾಯಿಗೆ 200 ಗ್ರಾಂ ಹುರಿದ ಶೇಂಗಾ, 50 ಗ್ರಾಂ ಎಳ್ಳು, 50 ಗ್ರಾಂ ಗುರೆಳ್ಳು, ಒಂದು ಹಿಡಿ ಒಣಕೊಬ್ಬರಿ, ಹುಣಸೆಹಣ್ಣು, ಬೆಲ್ಲ, ಖಾರಪುಡಿ ಸೇರಿಸಿ ತರಿತರಿಯಾಗಿ ಕುಟ್ಟಿದ ಮಸಾಲೆಯನ್ನು ನಾನು ಬಳಸುತ್ತೇನೆ. ಅದರ ಅರ್ಧವನ್ನು ಕಾಯಿಗೆ ತುಂಬಿ, ಉಳಿದರ್ಧವನ್ನು ರಸಕ್ಕೆ ಇಟ್ಟುಕೊಳ್ಳಿ. ಕಾಯನ್ನು ಎಣ್ಣೆಯಲ್ಲಿ ಸಿಪ್ಪೆ ಬಾಡುವವರೆಗೆ ಹೊರಳಿಸಿದ ಮೇಲೆಯೇ ಬಿಸಿನೀರು ಹಾಕಬೇಕು. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿಯಲು ತಾಳ್ಮೆ ಬೇಕು. ಎರಡೂವರೆ ಕಿಲೋ ಶೇಂಗಾ ಹೊತ್ತಿದರೆ ಎಣಗಾಯಿ, ಚಟ್ನಿ ಎರಡೂ ಕಹಿಯಾಗುತ್ತವೆ. ಈ ಮಸಾಲೆಯನ್ನು ಹಿಂದಿನ ದಿನವೇ ಒಣದಾಗಿ ಕುಟ್ಟಿಡಬಹುದು.

ಕಾವು ಮತ್ತು ಗಡಿಯಾರ

ನನ್ನ ಎರಡನೆಯ ಊಟ ಚೈತ್ರದಲ್ಲಿತ್ತು. ಬೆಳಗ್ಗೆ ಏಳು ಗಂಟೆಗೆ ಹೆಸರುಕಾಳಿನ ಪಲ್ಯ ಮುಗಿಸಿ, ಬಿಸಿ ಇರಲೆಂದು ಡಬರಿಗೆ ಬಿಗಿಯಾಗಿ ಮುಚ್ಚಳ ಹಾಕಿ, ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದೆ. ಹನ್ನೆರಡೂವರೆಗೆ ತೆಗೆದಾಗ ಮುಚ್ಚಳದಿಂದ ನೀರು ಇಳಿದಿತ್ತು, ಸಟ್ಟುಗ ಹಾಕಿದರೆ ಪಲ್ಯ ನೂಲಿನಂತೆ ಎಳೆಯಿತು, ಹುಳಿ ವಾಸನೆ ಬಂತು. ಮೊದಲ ಪಂಕ್ತಿಗೆ ಎಲೆ ಹಾಸಿಯಾಗಿತ್ತು. ಎಲ್ಲವನ್ನೂ ಹೊರಗೆ ಚೆಲ್ಲಿ, ಮನೆಯವರ ಡಬ್ಬಿಯಲ್ಲಿದ್ದ ಕಡಲೆಹಿಟ್ಟಿನಿಂದ ಅರ್ಧ ತಾಸಿನಲ್ಲಿ ಜುಣಕ ಮಾಡಿ ಬಡಿಸಿದೆವು. ಆ ಮನೆಯ ಹಿರಿಯರು, "ಇರ್ಲಿ ಬಿಡವಾ, ಹಳಸಿದ್ದು ಎಲಿಗೆ ಬರ್ಲಿಲ್ಲಲ್ಲ" ಎಂದರು. ಅಂದಿನಿಂದ ಎರಡು ಕಿಲೋ ಕಡಲೆಹಿಟ್ಟು ನನ್ನ ಸಾಮಾನಿನ ಜೊತೆಗೇ ಹೋಗುತ್ತದೆ.

ಆಗಿದ್ದೇನೆಂಬುದನ್ನು ಅರಿತುಕೊಂಡರೆ ತಪ್ಪಿಸುವುದು ಸುಲಭ. ಬೆಂದ ಅಡುಗೆಯಲ್ಲಿ ಸೂಕ್ಷ್ಮಜೀವಿಗಳು ಬೇಗ ಬೆಳೆಯುವುದು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಕಾವಿನಲ್ಲಿ. ಅನ್ನ, ಬೇಳೆ, ಕಾಳುಗಳಲ್ಲಿ ಬರುವ ಕೆಲವು ಜೀವಿಗಳ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ದೊಡ್ಡ ಪಾತ್ರೆ ಮೆಲ್ಲಗೆ ಆರುವ ಹೊತ್ತಿನಲ್ಲಿ ಅವು ಮತ್ತೆ ಚಿಗುರುತ್ತವೆ. ಆದ್ದರಿಂದ ಅಡುಗೆ ಪೂರ್ತಿ ಬಿಸಿಯಾಗಿರಬೇಕು, ಎಂದರೆ 60 ಡಿಗ್ರಿಗಿಂತ ಮೇಲೆ, ಇಲ್ಲವೇ ಪೂರ್ತಿ ತಣ್ಣಗಿರಬೇಕು, ಎಂದರೆ 5 ಡಿಗ್ರಿಗಿಂತ ಕೆಳಗೆ. ನಡುವಿನ ಉಗುರುಬೆಚ್ಚಗಿನ ಸ್ಥಿತಿಯಲ್ಲಿ ಎರಡು ತಾಸಿಗಿಂತ ಹೆಚ್ಚು ಹೊತ್ತು ಇಡಬಾರದು. ಅಡುಗೆಗೆ ಚುಚ್ಚಿ ನೋಡುವ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಇದನ್ನು ಕೊಳ್ಳಲು ಹಿಂದೆ ಮುಂದೆ ನೋಡಬೇಡಿ. ಮತ್ತೆ ಬಿಸಿ ಮಾಡುವಾಗ ಪಾತ್ರೆಯ ನಡುಭಾಗ 75 ಡಿಗ್ರಿ ಮುಟ್ಟಬೇಕು.

ಇದರಿಂದ ಗಡಿಯಾರವನ್ನು ಹಿಂದಿನಿಂದ ಎಣಿಸುವ ಕ್ರಮ ಬರುತ್ತದೆ. ಊಟ ಒಂದು ಗಂಟೆಗಿದ್ದರೆ ಅನ್ನ ಹನ್ನೆರಡೂವರೆಗೆ ಇಳಿಯಬೇಕು, ಕಾಳುಪಲ್ಯ ಹನ್ನೆರಡಕ್ಕೆ, ಎಣಗಾಯಿ ಹನ್ನೊಂದೂವರೆಗೆ. ಸಾರು ಸಣ್ಣ ಉರಿಯ ಮೇಲೆಯೇ ಇರಲಿ. ಹೋಳಿಗೆಯನ್ನು ಬೆಳಗ್ಗೆ ಏಳರಿಂದ ಹತ್ತರೊಳಗೆ ಮುಗಿಸಿ, ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಆರಿಸಿ. ಹೂರಣವನ್ನು ಹಿಂದಿನ ರಾತ್ರಿ ರುಬ್ಬುವವರು ಅದನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಆರಿಸಿ ಫ್ರಿಜ್ಜಿನಲ್ಲಿಡಬೇಕು. ಬಿಸಿ ರೊಟ್ಟಿ ಹತ್ತೂವರೆಗೆ ಆರಂಭವಾಗಲಿ. ಕಾಳನ್ನು ಬೇಸಿಗೆಯಲ್ಲಿ ಉದ್ದ ಮೊಳಕೆ ಬರಿಸದೆ, ಮೂತಿ ಒಡೆದೊಡನೆ ಬಳಸಿ. ಭೇದಿಯಾದವರನ್ನು, ಕೈಗೆ ಗಾಯವಾದವರನ್ನು ಎಷ್ಟೇ ಬೇಕಾದವರಾದರೂ ಅಂದು ಒಲೆಯ ಹತ್ತಿರ ಬಿಡಬೇಡಿ.

ದರ ಹೇಳುವ ಬಗೆ

ಸಾಮಾನಿನ ಖರ್ಚಿನ ಎರಡರಷ್ಟು ಹೇಳುವುದು ಕೆಲವರ ರೂಢಿ. ಅದನ್ನು ನಂಬಿ ನಷ್ಟ ಮಾಡಿಕೊಂಡವರನ್ನು ನೋಡಿದ್ದೇನೆ. ಲೆಕ್ಕ ತೋರಿಸಲು ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಸಾಮಾನು 7,000 ರೂಪಾಯಿ, ಅಡುಗೆಗೆ ಇಬ್ಬರು ಹಾಗೂ ಬಡಿಸಲು ನಾಲ್ವರ ಪಗಾರ 3,600, ಗ್ಯಾಸು 1,200, ಗಾಡಿ 800, ಎಲೆ ಮತ್ತು ಇತರೆ 600, ಒಟ್ಟು 13,200. ಇದಕ್ಕೆ ನಿಮ್ಮ ಸ್ವಂತ ದುಡಿಮೆಯ 2,000 ಸೇರಿಸಿ, ಏಕೆಂದರೆ ಮೂರು ದಿನ ನೀವು ಬೇರೇನೂ ಮಾಡಿರುವುದಿಲ್ಲ. ಆಗ 15,200. ಒಡೆಯುವುದು, ಚೆಲ್ಲುವುದು, ಹೆಚ್ಚು ಮಂದಿ ಬರುವುದು ಇವಕ್ಕೆ ನೂರಕ್ಕೆ ಹತ್ತರಂತೆ 1,520. ಒಂದು ಎಲೆಗೆ 167 ರೂಪಾಯಿ ಬಂತು, ಇದರಲ್ಲಿ ಲಾಭ ಇನ್ನೂ ಸೇರಿಲ್ಲ. ಸಾಮಾನಿನ ಎರಡು ಪಟ್ಟು ಎಂದು 140 ಹೇಳಿದ್ದರೆ ಏನಾಗುತ್ತಿತ್ತೆಂದು ನೋಡಿ. ತಮ್ಮ ದುಡಿಮೆಯ ಬೆಲೆಯನ್ನು ಬರೆಯಲು ಮರೆಯುವುದು ನಮ್ಮ ಹೆಣ್ಣುಮಕ್ಕಳು ಎಲ್ಲಕ್ಕಿಂತ ಹೆಚ್ಚಾಗಿ ಮಾಡುವ ತಪ್ಪು, ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಕಾಗದಪತ್ರಗಳ ಮಾತು ಚಿಕ್ಕದು. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಮನೆಯಿಂದ ಆಹಾರ ಮಾರುವವರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಬೇಕು. ಆ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಸಿಗುವ ಹದಿನಾಲ್ಕು ಅಂಕಿಗಳ ಸಂಖ್ಯೆಯನ್ನು ಬಿಲ್ಲಿನ ಮೇಲೆ, ಚಟ್ನಿಪುಡಿಯ ಪೊಟ್ಟಣದ ಮೇಲೆ ಬರೆಯಿರಿ. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಉರಿಸುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರ್ ತೆಗೆದುಕೊಳ್ಳಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಬಾಳೆ ಎಲೆ, ಮುತ್ತಲದ ಪತ್ರಾವಳಿ, ಅಡಿಕೆ ಹಾಳೆಯ ತಟ್ಟೆ ನಮ್ಮಲ್ಲಿ ಬೇಕಾದಷ್ಟು ಸಿಗುತ್ತವೆ. ಪಾತ್ರೆ, ಭಟ್ಟಿಗಳನ್ನು ಮೊದಲ ಹತ್ತು ಊಟಗಳವರೆಗೆ ಬಾಡಿಗೆಗೆ ತರುವುದೇ ಲೇಸು. ಆಮೇಲೆ ಕೊಳ್ಳುವ ಯೋಚನೆ ಬಂದರೆ ಸಣ್ಣ ಉದ್ಯೋಗಗಳಿಗೆ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ಕೇಳಬಹುದು.

ಬಡಿಸುವಾಗ ಮತ್ತು ಬಡಿಸಿದ ಮೇಲೆ

ಪ್ರತಿಯೊಂದು ಪದಾರ್ಥದ ಕಾಲು ಭಾಗವನ್ನು ಮೊದಲೇ ತೆಗೆದು ಬೇರೆ ಪಾತ್ರೆಯಲ್ಲಿ ಬಿಸಿಯಾಗಿಡಿ. ಕೊನೆಯ ಪಂಕ್ತಿಯಲ್ಲಿ ಸಾಮಾನ್ಯವಾಗಿ ಕೂರುವವರು ಮನೆಯ ಹೆಣ್ಣುಮಕ್ಕಳು ಮತ್ತು ದುಡಿದವರು. ಅವರ ಎಲೆಗೆ ಎಣಗಾಯಿ ಇಲ್ಲದೆ ಬರೀ ರಸ ಬೀಳಬಾರದು. ಬಡಿಸುವವರಿಗೆ ಸಣ್ಣ ಸೌಟು ಕೊಟ್ಟು, ಎರಡನೆಯ ಸಲ ಕೇಳಿ ಬಡಿಸಲು ಹೇಳಿ. ಹೋಳಿಗೆಗೆ ತುಪ್ಪ ಹಾಕುವ ಕೆಲಸವನ್ನು ನೀವೇ ಇಟ್ಟುಕೊಳ್ಳಿ, ಆ ನೆಪದಲ್ಲಿ ಪ್ರತಿ ಎಲೆಯನ್ನೂ ನೋಡಿದಂತಾಗುತ್ತದೆ. ಏನು ಉಳಿದಿದೆ, ಏನು ಬಳಿದು ಹೋಗಿದೆ ಎಂಬುದು ಎಲೆ ನೋಡಿದರೆ ತಿಳಿಯುತ್ತದೆ.

ಜೊತೆಗೆ ದುಡಿದವರ ಪಗಾರವನ್ನು ಅಂದೇ ಸಂಜೆ ಕೈಗೆ ಕೊಟ್ಟು, ಬಾಡಿಗೆ ಪಾತ್ರೆಗಳನ್ನು ಎಣಿಸಿ ಗಾಡಿಗೆ ಏರಿಸಿದ ಮೇಲೆ, ಉಳಿದ ಅಡುಗೆಯನ್ನು ತೂಗಿ ಪುಸ್ತಕದಲ್ಲಿ ಬರೆಯಿರಿ. ನನ್ನ ಪುಸ್ತಕದ ಮೊದಲ ಊಟದ ಪುಟದಲ್ಲಿ ಇಷ್ಟಿದೆ: "ರೊಟ್ಟಿ 230 ಮಾಡಿದ್ದು, 41 ಉಳಿದವು. ಅಕ್ಕಿ 10 ಕಿಲೋ ಇಟ್ಟದ್ದು ಹೆಚ್ಚಾಯಿತು. ಮಜ್ಜಿಗೆ ಮೂರನೆಯ ಪಂಕ್ತಿಗೆ ಸಾಲಲಿಲ್ಲ. ಚಟ್ನಿ ಎಲ್ಲರೂ ಎರಡು ಸಲ ಹಾಕಿಸಿಕೊಂಡರು. ಮುಂದಿನ ಸಲ ಅಕ್ಕಿ ಏಳೂವರೆ, ಮೊಸರು ಎರಡು ಲೀಟರ್ ಜಾಸ್ತಿ."